ಬೋರ್ಬನ್: ಜೋಳ ನೆಪ, ಪೀಪಾಯಿ ಮುಖ್ಯ

ಪ್ರಶ್ನೆ: ನಾವು ಮೆಕ್ಕೆಜೋಳ ಬೆಳೆಯುವವರು. ಅಮೆರಿಕದಲ್ಲಿರುವ ಮಗಳು ತಂದ ಬೋರ್ಬನ್ ವಿಸ್ಕಿ ಜೋಳದಿಂದಲೇ ಆಗುತ್ತದಂತೆ. ನಮ್ಮ ಜೋಳದಿಂದ ಇದನ್ನು ಮಾಡಲಾಗದೆ? ಆ ಕೆಂಪು ಬಣ್ಣ ಹಾಕಿದ್ದೋ, ತಾನಾಗಿ ಬಂದದ್ದೋ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮಾಡಬಹುದು, ಆದರೆ ಅದನ್ನು ಬೋರ್ಬನ್ ಎಂದು ಕರೆಯುವಂತಿಲ್ಲ. ಅದು ತಮ್ಮ ದೇಶದ್ದೇ ವಿಶಿಷ್ಟ ಉತ್ಪನ್ನವೆಂದು ಅಮೆರಿಕದ ಕಾಂಗ್ರೆಸ್ 1964ರಲ್ಲಿ ಠರಾವು ಮಾಡಿತು. ಕೆಂಟಕಿಯಲ್ಲಿ ಮಾಡಿದ್ದು ಮಾತ್ರ ಬೋರ್ಬನ್ ಎಂಬ ನಂಬಿಕೆ ತಪ್ಪು. ಅಮೆರಿಕದ ಯಾವ ರಾಜ್ಯದಲ್ಲಾದರೂ ಮಾಡಬಹುದು.

ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕೆಂಬುದು ನಿಯಮ. ಹೆಚ್ಚಿನವರು 70 ಶೇಕಡಾ ದಾಟಿಸುತ್ತಾರೆ. ಉಳಿದದ್ದು ರೈ ಅಥವಾ ಗೋಧಿ, ಜೊತೆಗೆ ಸ್ವಲ್ಪ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಈ ಸ್ವಲ್ಪದ ಕೆಲಸ ದೊಡ್ಡದು. ಜೋಳದಲ್ಲಿರುವ ಪಿಷ್ಟವನ್ನು ಯೀಸ್ಟ್ ನೇರವಾಗಿ ತಿನ್ನಲಾರದು. ಬಾರ್ಲಿ ಮೊಳಕೆಯ ಕಿಣ್ವಗಳು ಅದನ್ನು ಸಕ್ಕರೆಯಾಗಿ ಒಡೆದುಕೊಡಬೇಕು.

ಹುದುಗಿಸುವಾಗ ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಹುಳಿ ಗಂಜಿಯನ್ನು ಹೊಸದಕ್ಕೆ ಬೆರೆಸುತ್ತಾರೆ. ಇದೇ 'ಸೋರ್ ಮ್ಯಾಶ್'. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ಹಲವರು ವಿವರಿಸುವುದುಂಟು. ಅದು ಸರಿಯಲ್ಲ. ಕುದಿದ ಗಂಜಿಯಲ್ಲಿ ಜೀವಂತ ಯೀಸ್ಟ್ ಉಳಿದಿರುವುದಿಲ್ಲ, ಬೇಕಾಗಿರುವುದು ಅದರ ಹುಳಿ ಮಾತ್ರ. ಆ ಹುಳಿಯಲ್ಲಿ ಬೇಡದ ಬ್ಯಾಕ್ಟೀರಿಯಾ ತಲೆಯೆತ್ತುವುದಿಲ್ಲ. ಸ್ಕಾಟ್ಲೆಂಡಿನಿಂದ ಕೆಂಟಕಿಗೆ ಬಂದ ಜೇಮ್ಸ್ ಕ್ರೋ 19ನೇ ಶತಮಾನದ ಪೂರ್ವಾರ್ಧದಲ್ಲಿ ಈ ವಿಧಾನವನ್ನು ಅಳತೆ, ಉಷ್ಣಮಾಪಕಗಳ ಶಿಸ್ತಿಗೆ ತಂದರು. ಕಂಡುಹಿಡಿದವರೂ ಅವರೇ ಎನ್ನುವವರು ಕ್ಯಾಥರಿನ್ ಕಾರ್ಪೆಂಟರ್ ಎಂಬ ಮಹಿಳೆ 1818ರಲ್ಲೇ ಬರೆದಿಟ್ಟ ವಿಧಾನವನ್ನು ನೋಡಬೇಕು.

ಇನ್ನು ಬಣ್ಣ. ಬಟ್ಟಿಯಿಂದ ಇಳಿಯುವ ಸಾರಾಯಿ ನೀರಿನಷ್ಟು ತಿಳಿಯಾಗಿರುತ್ತದೆ. ಅದನ್ನು 62.5 ಶೇಕಡಾ ಮೀರದ ಮದ್ಯಸಾರದ ಮಟ್ಟದಲ್ಲಿ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗೆ ತುಂಬಬೇಕು. ಪೀಪಾಯಿಯೊಳಗೆ ಬೆಂಕಿ ಉರಿಯುವುದು ಒಂದು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲೇ ಮೇಲ್ಪದರ ಮೊಸಳೆ ಚರ್ಮದಂತೆ ಬಿರಿದು ಇದ್ದಿಲಾಗುತ್ತದೆ. ಅದರ ಹಿಂದಿನ ಮರದ ಸಕ್ಕರೆಗಳು ಕೆಂಪಗಾಗುತ್ತವೆ, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತು ಒಡೆದು ವೆನಿಲಾ ಪರಿಮಳ ಬರುತ್ತದೆ. ಬೇಸಿಗೆಯಲ್ಲಿ ಹಿಗ್ಗಿದ ದ್ರವ ಮರದೊಳಕ್ಕೆ ಇಳಿಯುತ್ತದೆ, ಚಳಿಯಲ್ಲಿ ಹೊರಬರುತ್ತದೆ. ಬಣ್ಣ ಬರುವುದು ಹೀಗೆ. ಕ್ಯಾರಮೆಲ್ ಬೆರೆಸುವಂತಿಲ್ಲ; ಸ್ಕಾಟ್ಲೆಂಡಿನ ವಿಸ್ಕಿಯಾದ ಸ್ಕಾಚ್‌ಗೆ ಆ ಸವಲತ್ತು ಉಂಟು. ಪೀಪಾಯಿ ಸುಡುವುದನ್ನು ಮೊದಲು ಮಾಡಿದವರು ಎಲೈಜಾ ಕ್ರೇಗ್ ಎಂಬ ಪಾದ್ರಿ ಎನ್ನುತ್ತಾರೆ. ಕಥೆ ಚೆಂದವಿದೆ, ದಾಖಲೆ ಇಲ್ಲ.

ಒಮ್ಮೆ ಬಳಸಿದ ಪೀಪಾಯಿಗೆ ಮತ್ತೆ ಬೋರ್ಬನ್ ತುಂಬುವಂತಿಲ್ಲ. ಹಾಗಾಗಿ ಸುಮಾರು 200 ಲೀಟರಿನ ಈ ಪೀಪಾಯಿಗಳು ಹಡಗು ಹತ್ತುತ್ತವೆ. ಬಹುಪಾಲು ಸ್ಕಾಟ್ಲೆಂಡಿಗೆ ಹೋಗುತ್ತವೆ, ಕೆಲವು ಬೆಂಗಳೂರಿಗೂ ಬರುತ್ತವೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಬೆಂಗಳೂರಿನದೇ ವಿಸ್ಕಿ ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಬಾರ್ಲಿ ಮೊಳಕೆಯಿಂದಷ್ಟೇ ಮಾಡಿದ್ದು) ಮಾಗುವುದು ಇಂಥವುಗಳಲ್ಲೂ ಹೌದು. ನಮ್ಮ ಹವೆಯಲ್ಲಿ ವರ್ಷಕ್ಕೆ ಹತ್ತನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಆವಿಯಾಗಿ ಹೋಗುತ್ತದೆ. ಕೆಂಟಕಿಯಲ್ಲಿ ನಷ್ಟ ಅದರ ಅರ್ಧವೂ ಇಲ್ಲ. ನಿಮ್ಮ ಜೋಳದ ಮಟ್ಟಿಗೆ ಹೇಳುವುದಾದರೆ, ಜೋಳ ಸಿಕ್ಕೀತು; ಪ್ರತಿ ಸಲವೂ ಹೊಸ ಓಕ್ ಪೀಪಾಯಿಗೆ ಹಣ ಸುರಿಯುವವರು ಬೇಕು.

ಪ್ರಶ್ನೆ: ಬಾಟಲಿಯ ಮೇಲೆ 'ಬಾಟಲ್ಡ್ ಇನ್ ಬಾಂಡ್' ಎಂದಿದೆ. ಹಾಗೆಂದರೇನು?
– ಓದುಗರು, ಮೈಸೂರು

ಉತ್ತರ: ಅದು ಕಲಬೆರಕೆಯ ಕಾಲದ ಬಳುವಳಿ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ವ್ಯಾಪಾರಿಗಳು ಬರಿಯ ಮದ್ಯಸಾರಕ್ಕೆ ಒಣದ್ರಾಕ್ಷಿಯಂಥ ಹಣ್ಣುಗಳ ರಸವನ್ನೋ ತಂಬಾಕಿನ ಬಣ್ಣವನ್ನೋ ಬೆರೆಸಿ ಹಳೆಯ ವಿಸ್ಕಿಯೆಂದು ಮಾರುತ್ತಿದ್ದರು. ಕೆಂಟಕಿಯ ಭಟ್ಟಿ ಮಾಲೀಕ ಕರ್ನಲ್ ಇ.ಎಚ್. ಟೇಲರ್ ಮೊದಲಾದವರು ಬೆನ್ನುಬಿದ್ದು 1897ರಲ್ಲಿ ಕಾನೂನು ಮಾಡಿಸಿದರು. ಒಂದೇ ಭಟ್ಟಿಯ, ಒಂದೇ ಹಂಗಾಮಿನ ಸರಕಾಗಿರಬೇಕು. ಸರ್ಕಾರದ ನಿಗಾ ಇರುವ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಇರಬೇಕು; ಹೆಸರಿನಲ್ಲಿರುವ 'ಬಾಂಡ್' ಈ ನಿಗಾವನ್ನೇ ಹೇಳುತ್ತದೆ. ಮದ್ಯಸಾರ ಸರಿಯಾಗಿ 50 ಶೇಕಡಾ ಇರಬೇಕು. ನಮ್ಮ ಅಂಗಡಿಗಳ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟು ಇಂದಿಗೂ ಕಾಕಂಬಿಯ ಮದ್ಯಸಾರದ ಮೇಲೆಯೇ ನಿಂತಿರುವುದರಿಂದ, ಆ ಸಾಲಿನ ಬೆಲೆ ನಮಗೆ ಬೇಗ ಅರ್ಥವಾಗಬೇಕು.

ಪ್ರಶ್ನೆ: ನಾಲ್ಕು ವರ್ಷದ ಬೋರ್ಬನ್ ಅನ್ನು ಬಾಟಲಿಯಲ್ಲೇ ಇನ್ನೂ ಹತ್ತು ವರ್ಷ ಇಟ್ಟರೆ ಹದಿನಾಲ್ಕು ವರ್ಷದ್ದಾಗುವುದೇ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ಮಾಗುವಿಕೆ ಮರದೊಳಗಿನ ವ್ಯವಹಾರ, ಗಾಜಿನೊಳಗೆ ನಡೆಯುವುದಿಲ್ಲ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಿ. ಮಲಗಿಸಿಟ್ಟರೆ ಮದ್ಯ ಕಾರ್ಕನ್ನು ತಿಂದುಹಾಕುತ್ತದೆ. ಮುಚ್ಚಳ ತೆರೆದು ಅರ್ಧ ಖಾಲಿಯಾದ ಬಾಟಲಿಯನ್ನು ವರ್ಷಗಟ್ಟಲೆ ಕಾಯಿಸಬೇಡಿ, ಪರಿಮಳ ಹಾರಿಹೋಗುತ್ತದೆ.