ಡ್ರೈವರ್ ಬ್ಯಾಗಲ್ಲೇ ಇರಲಿ, ಮೊದಲು ಪಟರ್ ಕೊಡಿ

ಸರ್, ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಭಾವಮೈದ ಮೂರು ವಾರ ಖುಷಿಯಿಂದ ಗಾಲ್ಫ್ ಕಲಿಯಲು ಡ್ರೈವಿಂಗ್ ರೇಂಜ್‌ಗೆ (ಹೊಡೆತ ಅಭ್ಯಾಸ ಮಾಡುವ ಜಾಗಕ್ಕೆ) ಬಂದರು, ಆಮೇಲೆ ಒಂದು ದಿನ ಪೂರ್ತಿ 18 ಹೋಲ್, ಅಂದರೆ ಇಡೀ ಮೈದಾನದ ಆಟ, ಆಡಿಸಿದಿರಿ, ಈಗ ಕರೆದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಾರೆ ಅಂತ ಬರೆದು, ಮತ್ತೆ ಆಟಕ್ಕೆ ಕರೆತರುವುದು ಹೇಗೆ ಅಂತ ಕೇಳಿದ್ದೀರಿ. ಅವರಿಗೆ ಆಟ ಹಿಡಿಸಲಿಲ್ಲ ಅಂತ ಈಗಲೇ ಅಂದುಕೊಳ್ಳಬೇಡಿ. ಅವರು ಇನ್ನೂ ಗಾಲ್ಫ್ ಆಡಿಯೇ ಇಲ್ಲ. ಪೊದೆಯಲ್ಲಿ ಚೆಂಡು ಹುಡುಕಿದ್ದಾರೆ, ಅಷ್ಟೇ.

ನನ್ನ ಕಥೆಯೂ ಹೀಗೇ ಶುರುವಾಗಿದ್ದು. ಮೊದಲ ದಿನವೇ ಗೆಳೆಯನೊಬ್ಬ ಕೈಗೆ ಡ್ರೈವರ್, ಅಂದರೆ ತುಂಬಾ ದೂರ ಹೊಡೆಯುವ ಕೋಲು, ಕೊಟ್ಟ. ಅರ್ಧ ಚೆಂಡು ನೆಲದಲ್ಲೇ ಉರುಳಿದವು, ಉಳಿದವು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ ಮಾಯವಾದವು. ಹಿಂದೆ ನಿಂತು ಅವನು "ತಲೆ ಎತ್ತಬೇಡ, ಮೊಣಕೈ ಮಡಚಬೇಡ, ಸೊಂಟ ತಿರುಗಿಸು" ಅಂತ ಒಂದೇ ಸಮನೆ ಹೇಳುತ್ತಿದ್ದ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ತಪ್ಪು ನನ್ನದಷ್ಟೇ ಅಲ್ಲ, ಕ್ಲಬ್‌ದೂ (ಚೆಂಡು ಹೊಡೆಯುವ ಕೋಲಿನದೂ) ಇತ್ತು. ಬ್ಯಾಗಿನಲ್ಲಿ ಎಲ್ಲಕ್ಕಿಂತ ಉದ್ದದ ಕ್ಲಬ್ ಡ್ರೈವರ್. ಅದರ ಮುಖದ ಓರೆ, ಅಂದರೆ ಲಾಫ್ಟ್, ಸುಮಾರು 10 ಡಿಗ್ರಿ ಅಷ್ಟೇ. ಹೊಡೆಯುವಾಗ ಮುಖ ಗುರಿಯಿಂದ ಸ್ವಲ್ಪ ಹೊರಕ್ಕೆ ತಿರುಗಿದರೂ ಚೆಂಡು ಎಲ್ಲಿಗೋ ಹೋಗುತ್ತದೆ. 7 ಐರನ್ ಅನ್ನುವ ಕ್ಲಬ್ ಅದಕ್ಕಿಂತ ಗಿಡ್ಡ, ಲಾಫ್ಟ್ ಸುಮಾರು 30 ಡಿಗ್ರಿ. ಅದೇ ತಪ್ಪನ್ನು ಅದು ಅಷ್ಟು ಜೋರಾಗಿ ಎತ್ತಿ ತೋರಿಸುವುದಿಲ್ಲ.

ನಾನು ಈಗ ಯಾರಿಗೇ ಕಲಿಸಿದರೂ ಹೋಲ್‌ನಿಂದ ಹಿಂದಕ್ಕೆ ಬರುತ್ತೇನೆ. ಮೊದಲು ಪಟ್ಟಿಂಗ್ ಗ್ರೀನ್, ಅಂದರೆ ಹೋಲ್ ಸುತ್ತ ಹುಲ್ಲನ್ನು ಸಣ್ಣಗೆ ಕತ್ತರಿಸಿದ ಜಾಗ. ಅಲ್ಲಿ ಪಟರ್ ಅನ್ನುವ ಕ್ಲಬ್‌ನಲ್ಲಿ ಚೆಂಡು ಉರುಳಿಸುವುದು (ಅದೇ ಪಟ್), ಹೋಲ್‌ನಿಂದ ಒಂದು ಹೆಜ್ಜೆ ದೂರದಿಂದ. ಹೋಲ್ ಅಗಲ 108 ಮಿಲಿಮೀಟರ್, ಚೆಂಡು 43 ಮಿಲಿಮೀಟರ್‌ನ ಆಸುಪಾಸು. ಅಷ್ಟು ಹತ್ತಿರದಿಂದ ಯಾರು ಹೊಡೆದರೂ ಬೀಳುತ್ತದೆ. ಚೆಂಡು ಕಪ್ಪಿಗೆ ಬೀಳುವ ಆ ಸದ್ದು ಮೊದಲ ದಿನವೇ ಕಿವಿಗೆ ಬೀಳಬೇಕು. ಆಮೇಲೆ ಎರಡು ಹೆಜ್ಜೆ, ನಾಲ್ಕು ಹೆಜ್ಜೆ. ಅದಾದ ಮೇಲೆ ಗ್ರೀನ್ ಅಂಚಿನಿಂದ ವೆಜ್‌ನಲ್ಲಿ (ಮುಖ ತುಂಬಾ ಓರೆಯಿರುವ ಗಿಡ್ಡ ಕ್ಲಬ್) ಚಿಪ್, ಅಂದರೆ ಚೆಂಡನ್ನು ಸ್ವಲ್ಪ ಎತ್ತಿ ಉರುಳಿಸುವ ಚಿಕ್ಕ ಹೊಡೆತ. 7 ಐರನ್‌ನಲ್ಲಿ ಅರ್ಧ ಸ್ವಿಂಗ್ ಕೊನೆಗೆ ಬರಲಿ. ಪಟ್ಟಿಂಗ್ ಮಕ್ಕಳಾಟ ಅನ್ನಿಸಿದರೆ ಒಂದು ಲೆಕ್ಕ ಹಾಕಿ ನೋಡಿ: ಪಾರ್ (ನುರಿತವರಿಗೆ ಬೇಕಾಗುವ ಹೊಡೆತಗಳ ಲೆಕ್ಕ) 72ರ ಕೋರ್ಸ್‌ನಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್ ಅಂತ 36 ಸ್ಟ್ರೋಕ್ ಗ್ರೀನ್ ಮೇಲೇ ಇವೆ. ಅರ್ಧ ಆಟ ಅಲ್ಲೇ ಆಯಿತಲ್ವಾ?

ಹೊಸಬರೆಲ್ಲ ಚೆಂಡನ್ನು ಸೌಟಿನಲ್ಲಿ ಎತ್ತಿದ ಹಾಗೆ ಎತ್ತಲು ನೋಡುತ್ತಾರೆ. ಎತ್ತುವ ಕೆಲಸ ಲಾಫ್ಟ್‌ನದು. ಇದನ್ನು ಬಾಯಲ್ಲಿ ಹೇಳಿ ಉಪಯೋಗವಿಲ್ಲ. ಚೆಂಡಿಲ್ಲದೆ ಹತ್ತು ಸಲ ಸ್ವಿಂಗ್ ಮಾಡಿಸಿ, ಕ್ಲಬ್ ಪ್ರತಿ ಸಲ ಒಂದೇ ಜಾಗದಲ್ಲಿ ಹುಲ್ಲು ಸವರಬೇಕು. ಆಮೇಲೆ ಆ ಜಾಗದಲ್ಲಿ ಚೆಂಡಿಡಿ. ನನಗೆ ಗೊತ್ತಿರುವ ಅಭ್ಯಾಸಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ರೇಂಜ್‌ನಲ್ಲಿ ಬಕೆಟ್ ಖಾಲಿ ಮಾಡುವ ಹಟ ಬೇಡ. ಮೂವತ್ತು ಚೆಂಡು ಸಾಕು. ಐದೈದಕ್ಕೆ ಗುರಿ ಬದಲಿಸಿ. ಇಲ್ಲದಿದ್ದರೆ ಕೈಯಲ್ಲಿ ಬೊಬ್ಬೆ, ತಲೆಯಲ್ಲಿ ಬೇಸರ.

ಕೋರ್ಸ್‌ಗೆ ಕರೆದೊಯ್ಯುವಾಗ 18 ಹೋಲ್ ಮರೆತುಬಿಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ನಾಲ್ಕೈದು ಹೋಲ್ ಸಾಕು. ಟೀ ಇಂದಲೇ, ಅಂದರೆ ಹೋಲ್‌ನ ಮೊದಲ ಹೊಡೆತದ ಜಾಗದಿಂದಲೇ, ಶುರು ಮಾಡಬೇಕು ಅಂತೇನಿಲ್ಲ. ಗ್ರೀನ್‌ನಿಂದ ನೂರು ಗಜ ದೂರ ಫೇರ್‌ವೇ (ಟೀ ಮತ್ತು ಗ್ರೀನ್ ನಡುವಿನ ಹುಲ್ಲುಹಾದಿ) ಮೇಲೆ ಚೆಂಡು ಹಾಕಿ ಆಡಿಸಿ. ಪಾರ್‌ನ ಎರಡರಷ್ಟು ಹೊಡೆತ ಆದ ಮೇಲೆ ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆಯಿರಿ. ಇದು ಮೋಸ ಅನ್ನಿಸಬೇಕಿಲ್ಲ. ಹೋಲ್‌ಗೆ ಇಂತಿಷ್ಟೇ ಗರಿಷ್ಠ ಸ್ಕೋರ್ ಅಂತ ಇಟ್ಟು ಆಡುವ ಪದ್ಧತಿ ನಿಯಮ ಪುಸ್ತಕದಲ್ಲೇ ಇದೆ. ಚೆಂಡು ಹುಡುಕಲೂ 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಹಳೆಯ ಚೆಂಡುಗಳನ್ನೇ ಕೊಡಿ, ಕಳೆದುಹೋದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಹಾಗೇ 14 ಕ್ಲಬ್ ಅನ್ನುವುದು ಗರಿಷ್ಠ ಮಿತಿ, ಅಷ್ಟೂ ಇರಲೇಬೇಕು ಅಂತಲ್ಲ. ಪಟರ್, ಒಂದು ವೆಜ್, 7 ಐರನ್, ಒಂದು ಹೈಬ್ರಿಡ್ (ದೂರದ ಹೊಡೆತವನ್ನು ಸುಲಭ ಮಾಡುವ ಕ್ಲಬ್) ಇದ್ದರೆ ಮೊದಲ ಕೆಲವು ತಿಂಗಳು ಧಾರಾಳವಾಗಿ ನಡೆಯುತ್ತದೆ.

ಇಬ್ಬರೂ ಸೇರಿ ಸ್ಕ್ರಾಂಬಲ್ ಆಡಿ. ಇಬ್ಬರೂ ಹೊಡೆಯುವುದು, ಒಳ್ಳೆಯ ಕಡೆ ಬಿದ್ದ ಚೆಂಡಿನ ಜಾಗದಿಂದ ಇಬ್ಬರೂ ಮುಂದುವರಿಯುವುದು. ಅವರ ಒಂದೇ ಒಂದು ಪಟ್ ನಿಮ್ಮಿಬ್ಬರ ಹೋಲ್ ಉಳಿಸಿದರೆ ಸಾಕು, ಮುಂದಿನ ವಾರ ಅವರೇ ಫೋನ್ ಮಾಡುತ್ತಾರೆ. ಮುಂದೆ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟ ನೋಡಿ ಕೊಡುವ ರಿಯಾಯಿತಿ ಸಂಖ್ಯೆ, ಮಾಡಿಸಿ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 54ರವರೆಗೂ ಇದೆ, ಅಂದರೆ ಹೆಚ್ಚುಕಡಿಮೆ ಪ್ರತಿ ಹೋಲ್‌ಗೆ ಮೂರು ಸ್ಟ್ರೋಕ್ ರಿಯಾಯಿತಿ. ಆಗ ಅವರು ನಿಮ್ಮನ್ನು ನಿಜವಾಗಿಯೂ ಸೋಲಿಸಬಹುದು. ಆ ಆಸೆ ಹುಟ್ಟಿದರೆ ನೀವು ಕರೆಯುವ ಕೆಲಸವೇ ಇರುವುದಿಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡಿ. ನೀವು ಕಲಿಸುವುದು ಬಿಡಿ. ಮನೆಯವರಿಗೆ ಕಾರು ಕಲಿಸಲು ಹೋದವರಿಗೆ ಇದು ಚೆನ್ನಾಗಿ ಗೊತ್ತು. ಹಿಡಿತ, ನಿಲುವು ಎರಡನ್ನು ಕೋಚ್ ಒಬ್ಬರ ಹತ್ತಿರ ಎರಡು ಮೂರು ಪಾಠದಲ್ಲಿ ಕಲಿಯಲಿ. ನೀವು ಸುಮ್ನೆ ಜೊತೆಗೆ ನಡೆಯಿರಿ. ಕೇಳಿದರೆ ಮಾತ್ರ ಹೇಳಿ, ಅದೂ ದಿನಕ್ಕೆ ಒಂದೇ.

ಅಂದ ಹಾಗೆ, ಅವರು ಇಷ್ಟು ದಿನ ನಿಮ್ಮ ಕ್ಲಬ್‌ಗಳಲ್ಲೇ ಆಡಿದರಾ? ಅವರು ನಿಮಗಿಂತ ತುಂಬಾ ಗಿಡ್ಡ ಅಥವಾ ಎತ್ತರ ಇದ್ದರೆ, ಇಲ್ಲಾ ಎಡಚರಾಗಿದ್ದರೆ, ನಾನು ಮೇಲೆ ಬರೆದಿದ್ದಕ್ಕಿಂತ ಮೊದಲು ಅದನ್ನು ಸರಿ ಮಾಡಬೇಕು. ತಿಳಿಸಿ.