ಹಳದಿಯಾದದ್ದು ಹೆಣ್ಣು, ಸರಿ. ಗಂಡು ಎಷ್ಟಿವೆ?

ಪ್ರಶ್ನೆ: ಸಾರ್, ಬೆಂಗಳೂರಿನ ಒಂದು ಅಂಗಡಿಯಿಂದ ನಾಲ್ಕು ಕಾಕಟೂ ಎಪಿಸ್ಟೊ ಮೀನು ತಂದೆ. ಎರಡು ಜೋಡಿ ಅಂತ ಹೇಳಿ ಕೊಟ್ಟರು. ಒಂದು ದೊಡ್ಡದು, ಬಾಲ ಕಿತ್ತಳೆ ಬಣ್ಣ. ಉಳಿದ ಮೂರೂ ಸಣ್ಣವು, ಬೂದು ಬಣ್ಣ. ಈಗ ಅದರಲ್ಲಿ ಒಂದು ಅರಿಶಿನ ಮೆತ್ತಿಕೊಂಡ ಹಾಗೆ ಹಳದಿಯಾಗಿ ಎಲ್ಲವನ್ನೂ ಅಟ್ಟಾಡಿಸುತ್ತಿದೆ. ಕರಟದೊಳಗೆ ಮೊಟ್ಟೆ ಇಟ್ಟಿತ್ತು, ಮೂರನೇ ದಿನಕ್ಕೆ ಎಲ್ಲ ಬೆಳ್ಳಗಾದವು. ಎರಡಡಿ ಟ್ಯಾಂಕು, ಬೋರ್ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 900. ಏನು ಮಾಡಲಿ?
(ಓದುಗರು, ಚಿಂತಾಮಣಿ)

ಉತ್ತರ: ಹಳದಿಯಾದದ್ದು ಹೆಣ್ಣೇ. ಅದಕ್ಕೆ ಕಾಯಿಲೆ ಏನೂ ಇಲ್ಲ. ಎಪಿಸ್ಟೊ ಹೆಣ್ಣು ಮೊಟ್ಟೆ ಮರಿ ಕಾಯುವ ಹೊತ್ತಿಗೆ ಹೀಗೇ ಬಣ್ಣ ಬದಲಿಸುತ್ತದೆ, ಮೈಮೇಲೆ ಕಪ್ಪು ಗುರುತು ಎದ್ದು ಕಾಣುತ್ತದೆ, ತನಗಿಂತ ಎಷ್ಟೋ ದೊಡ್ಡದಾದ ಗಂಡನ್ನೂ ಹತ್ತಿರ ಸೇರಿಸುವುದಿಲ್ಲ. ಗಂಡು 8 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳುಗಳು ಉದ್ದಕ್ಕೆ ಎದ್ದು ನಿಲ್ಲುತ್ತವೆ. ಹೆಣ್ಣು 5 ಸೆಂಟಿಮೀಟರ್ ಆದರೆ ಜಾಸ್ತಿ. ಹಾಗಾಗಿ ನಿಮ್ಮ ದೊಡ್ಡದು ಗಂಡು, ಹಳದಿಯದ್ದು ಹೆಣ್ಣು. ಇಷ್ಟರಲ್ಲಿ ಅನುಮಾನ ಬೇಡ.

ಅನುಮಾನ ಇರೋದು ಉಳಿದ ಎರಡರ ಮೇಲೆ. ಒಂದು ಟ್ಯಾಂಕಿನಲ್ಲಿ ದೊಡ್ಡ ಗಂಡಿದ್ದರೆ, ಅದರ ಕೈಕೆಳಗಿನ ಗಂಡು ಬಣ್ಣ ತೋರಿಸುವ ಧೈರ್ಯ ಮಾಡುವುದಿಲ್ಲ, ರೆಕ್ಕೆ ಮಡಚಿಕೊಂಡು ಬೂದು ಬಣ್ಣದಲ್ಲಿ ಹೆಣ್ಣಿನ ಹಾಗೇ ಓಡಾಡಿಕೊಂಡಿರುತ್ತದೆ, ಏಟು ತಪ್ಪಿಸಿಕೊಳ್ಳಲು ಅದಕ್ಕೆ ಅದೇ ಉಪಾಯ. ಅಂಗಡಿಯವರು ದೊಡ್ಡದೊಂದು, ಚಿಕ್ಕದೊಂದು ಹಿಡಿದು ಕವರಿಗೆ ಹಾಕಿ ‘ಜೋಡಿ’ ಅಂದುಬಿಡುತ್ತಾರೆ. ಅವರಿಗೂ ನೋಡೋಕೆ ಪುರುಸೊತ್ತಿರಲ್ಲ ಬಿಡಿ. ನೀವು ಹೀಗೆ ಮಾಡಿ: ದೊಡ್ಡ ಗಂಡನ್ನು ಎರಡು ವಾರ ಬೇರೆ ಟ್ಯಾಂಕಿಗೆ ಹಾಕಿ. ಉಳಿದವುಗಳಲ್ಲಿ ಗಂಡಿದ್ದರೆ ಅಷ್ಟರಲ್ಲಿ ಬಾಲಕ್ಕೆ ಬಣ್ಣ ಬರಲು ಶುರುವಾಗುತ್ತದೆ, ಬೆನ್ನಿನ ಮುಳ್ಳು ಎತ್ತುತ್ತದೆ. ಇನ್ನೊಂದು ಗುರುತು ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ. ಹೆಣ್ಣಿಗೆ ಸಾಮಾನ್ಯವಾಗಿ ಅದರ ಮುಂದಿನ ಅಂಚು ಕಪ್ಪಗಿರುತ್ತದೆ. ಇನ್ನೊಂದು ಗಂಡು ಸಿಕ್ಕರೆ ಅದನ್ನು ಕೊಟ್ಟುಬಿಡಿ, ಎರಡಡಿ ಟ್ಯಾಂಕಿನಲ್ಲಿ ಎರಡು ಗಂಡು ಬಾಳುವುದಿಲ್ಲ. ಒಂದು ಗಂಡಿಗೆ ಎರಡು ಹೆಣ್ಣು ಇರಬಹುದು, ಆದರೆ ಎರಡಕ್ಕೂ ಬೇರೆ ಬೇರೆ ಗೂಡು ಬೇಕು, ಒಂದು ಈ ಮೂಲೆ, ಇನ್ನೊಂದು ಆ ಮೂಲೆ, ನಡುವೆ ಗಿಡವೋ ಕಟ್ಟಿಗೆಯೋ ಅಡ್ಡ ಇರಲಿ.

ಇನ್ನು ಮೊಟ್ಟೆ ಬೆಳ್ಳಗಾದ ವಿಷಯ. ಗಂಡು ಇದ್ದೂ ಹೀಗಾದರೆ ನಾನು ಮೊದಲು ಬೆರಳು ತೋರಿಸುವುದು ನಿಮ್ಮ ಬೋರಿನ ಕಡೆಗೆ. ಈ ಮೀನಿನ ಮೂಲ ಅಮೆಜಾನ್‌ನ ಉಪನದಿಗಳು, ಅಲ್ಲಿನ ನೀರು ನಮ್ಮದಕ್ಕಿಂತ ಎಷ್ಟೋ ಮೆದು. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಸಾವಿರ ಅಡಿ ಕೊರೆದು ತೆಗೆದ ನೀರಿನ ಗಡಸುತನ ನಿಮಗೇ ಗೊತ್ತು, ಹೀಟರ್ ರಾಡಿನ ಮೇಲೆ ಕಟ್ಟುವ ಬಿಳಿ ಪದರ ನೋಡಿದರೆ ಸಾಕು. ದೊಡ್ಡ ಮೀನು ಅದನ್ನು ತಡೆದುಕೊಳ್ಳುತ್ತದೆ, ತಿಂದುಂಡು ಚೆನ್ನಾಗಿಯೇ ಇರುತ್ತದೆ. ಮೊಟ್ಟೆ ತಡೆದುಕೊಳ್ಳುವುದಿಲ್ಲ. ಗಡಸು ನೀರಿನಲ್ಲಿ ಮೊಟ್ಟೆ ಸರಿಯಾಗಿ ಫಲಿಸುವುದಿಲ್ಲ, ಸತ್ತ ಮೊಟ್ಟೆಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಪಕ್ಕದ ಮೊಟ್ಟೆಗೂ ಹಬ್ಬುತ್ತದೆ.

ಪರಿಹಾರ ನಿಮ್ಮ ಊರಲ್ಲೇ ಇದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ಇದೆಯಲ್ಲ, ಅಲ್ಲಿ ಬರುವುದು ಆರ್‌ಒ ನೀರು. ಮೂರು ಪಾಲು ಅದು, ಒಂದು ಪಾಲು ಬೋರ್ ನೀರು ಬೆರೆಸಿದರೆ ನಿಮ್ಮ 900 ಇಳಿದು 250ರ ಆಸುಪಾಸಿಗೆ ಬರುತ್ತದೆ. ಕಾಕಟೂಗೆ ಅಷ್ಟು ಸಾಕು, ಎಪಿಸ್ಟೊಗಳಲ್ಲಿ ಅದು ಅಷ್ಟೇನೂ ಹಟಮಾರಿ ಜಾತಿ ಅಲ್ಲ. ಒಂದೇ ದಿನ ಬದಲಿಸಬೇಡಿ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ. ಪೂರ್ತಿ ಆರ್‌ಒ ಮಾತ್ರ ಹಾಕಬೇಡಿ, ಅದರಲ್ಲಿ ಖನಿಜವೇ ಇರುವುದಿಲ್ಲ, ಪಿಎಚ್ (ನೀರಿನ ಹುಳಿಯ ಅಳತೆ) ಯಾವಾಗ ಕುಸಿಯುತ್ತದೋ ಹೇಳೋಕಾಗಲ್ಲ. ಬಾದಾಮಿ ಎಲೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ರಸ್ತೆ ಬದಿಯ ಕಾಡು ಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆ ಮೂರ್ನಾಲ್ಕು ತೊಳೆದು ಹಾಕಿ, ಒಳ್ಳೆಯದೇ, ಬೂಷ್ಟನ್ನು ಸ್ವಲ್ಪ ತಡೆಯುತ್ತದೆ. ಆದರೆ 900 ಟಿಡಿಎಸ್ ನೀರಿಗೆ ಸುಮ್ನೆ ಎಲೆ ಹಾಕಿದರೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಗಡಸುತನ ಇದ್ದಲ್ಲೇ ಇರುತ್ತದೆ.

ಕರಟ ಇಟ್ಟಿದ್ದು ಒಳ್ಳೆಯ ಕೆಲಸ. ಒಳಗೆ ಕೊಬ್ಬರಿ ಚೂರು ಉಳಿಯದ ಹಾಗೆ ಕೆರೆದು, ನೀರು ಬದಲಿಸುತ್ತಾ ಬಣ್ಣ ಬಿಡುವುದು ನಿಲ್ಲುವವರೆಗೆ ಕುದಿಸಿರಬೇಕು. ಬೋರಲು ಹಾಕಿ, ಅಂಚಿನಲ್ಲಿ ಹೆಣ್ಣು ಮಾತ್ರ ನುಸುಳುವಷ್ಟು ಕಿಂಡಿ ಮಾಡಿ. ಕಿಂಡಿ ದೊಡ್ಡದಾದರೆ ಹೆಣ್ಣು ಅಲ್ಲಿ ಮೊಟ್ಟೆ ಇಡಲು ಹಿಂದೆಮುಂದೆ ನೋಡುತ್ತದೆ. ಮೊಟ್ಟೆ ಇರುವುದು ಒಳಗಿನ ಮೇಲ್ಚಾವಣಿಗೆ ಅಂಟಿಕೊಂಡು, ಹಾಗಾಗಿ ದಿನಾ ಕರಟ ಎತ್ತಿ ನೋಡುವ ಚಪಲ ಬಿಡಿ.

26 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಒಡೆಯುತ್ತವೆ, ಇನ್ನೊಂದು ಐದಾರು ದಿನಕ್ಕೆ ಮರಿಗಳು ಈಜುತ್ತಾ ಹೊರಗೆ ಬರುತ್ತವೆ. ಆ ಹೊತ್ತು ತಪ್ಪದೆ ಕೂತು ನೋಡಿ. ಹೆಣ್ಣು ಮುಂದೆ, ಮರಿಗಳ ಮೋಡ ಹಿಂದೆ. ನೀವು ಗಾಜಿನ ಹತ್ತಿರ ಮುಖ ತಂದರೆ ಸಾಕು, ತಾಯಿ ಮೈಯನ್ನು ಒಮ್ಮೆ ಝಾಡಿಸಿ ರೆಕ್ಕೆ ಅಲುಗಿಸುತ್ತದೆ, ಮರಿಗಳೆಲ್ಲ ತಟ್ಟನೆ ಮರಳಿಗೆ ಇಳಿದು ಅಲುಗಾಡದೆ ಮಲಗುತ್ತವೆ, ಮರಳು ಯಾವುದು ಮರಿ ಯಾವುದು ತಿಳಿಯುವುದಿಲ್ಲ. ಅವಕ್ಕೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯ, ಅಂದರೆ ಉಪ್ಪುನೀರಿನ ಪುಟಾಣಿ ಸಿಗಡಿಯಂಥ ಜೀವಿ ಬೇಕು. ಅದರ ಮೊಟ್ಟೆ ಒಡೆಸಲು ಲೀಟರ್ ನೀರಿಗೆ 25 ರಿಂದ 30 ಗ್ರಾಂ ಕಲ್ಲುಪ್ಪು, ಏರ್ ಪಂಪಿನ ಗಾಳಿ, ಒಂದು ದಿನ. ಪುಡಿ ಆಹಾರದಲ್ಲೇ ಮರಿ ಸಾಕುತ್ತೇನೆ ಅಂದರೆ ಕಷ್ಟ.

ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ. ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ ಅನ್ನುವ ಜರ್ಮನ್ ಸಂಶೋಧಕರು 1996ರಲ್ಲಿ 37 ಜಾತಿಯ ಎಪಿಸ್ಟೊಗಳ ಮರಿಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಸಿ ನೋಡಿದ್ದನ್ನು ಪ್ರಕಟಿಸಿದರು. 33 ಜಾತಿಗಳಲ್ಲಿ ನೀರಿನ ಬಿಸಿ ಮರಿಗಳ ಲಿಂಗದ ಮೇಲೆ ಪರಿಣಾಮ ಮಾಡಿತ್ತು. ಬಿಸಿ ಹೆಚ್ಚಿದಂತೆ ಗಂಡು ಹೆಚ್ಚು. ಅಂದರೆ ಏಪ್ರಿಲ್ ಬಿಸಿಲಲ್ಲಿ ನಿಮ್ಮ ಟ್ಯಾಂಕು 30 ಮುಟ್ಟುತ್ತಿರುವಾಗ ಬೆಳೆದ ಮರಿಗಳಲ್ಲಿ ಗಂಡುಗಳೇ ತುಂಬಿರಬಹುದು. ಎರಡೂ ಬೇಕಿದ್ದರೆ ಮೊದಲ ಒಂದೂವರೆ ತಿಂಗಳು 25, 26ರಲ್ಲಿ ಇಡಿ. ಡಿಸೆಂಬರ್ ಚಳಿಗೆ ಹೀಟರ್ ಹಾಕಿದರೆ ಇದು ಸುಲಭ, ಬೇಸಿಗೆಯಲ್ಲಿ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಡಿ.

ಪ್ರಶ್ನೆ: ನನ್ನ ಹತ್ತಿರ ಎರಡು ಬ್ಲೂ ರ‍್ಯಾಮ್ ಇವೆ. ಎರಡೂ ಕೂಡಿ ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ, ಬೆಳಿಗ್ಗೆ ನೋಡಿದರೆ ಒಂದೂ ಇರಲ್ಲ. ನೀರು ಹೇಮಾವತಿ, ನಲ್ಲಿಯದ್ದೇ.
(ಓದುಗರು, ತುಮಕೂರು)

ಉತ್ತರ: ನೀರಿನ ವಿಷಯದಲ್ಲಿ ಚಿಂತಾಮಣಿಯವರಿಗಿಂತ ನೀವು ಅದೃಷ್ಟವಂತರು. ನಲ್ಲಿ ನೀರಿನ ಕ್ಲೋರಿನ್ ಮಾತ್ರ ತೆಗೆಯಿರಿ, ಒಂದು ದಿನ ಗಾಳಿ ಬಿಟ್ಟು ಇಡಿ, ಇಲ್ಲವೇ ಆಂಟಿಕ್ಲೋರಿನ್ ಹಾಕಿ.

ಎರಡೂ ಹೆಣ್ಣೇ ಇರಬಹುದಾ ಅಂತ ಮೊದಲು ನೋಡಿ. ಗಂಡಿಲ್ಲದಿದ್ದರೆ ಎರಡು ಹೆಣ್ಣು ಜೋಡಿಯ ಹಾಗೆ ನಡೆದುಕೊಂಡು ಮೊಟ್ಟೆ ಇಡುವುದುಂಟು. ಹೊಟ್ಟೆ ಗುಲಾಬಿ ಇದ್ದರೆ ಹೆಣ್ಣು. ಪಕ್ಕೆಯ ಕಪ್ಪು ಚುಕ್ಕೆಯೊಳಗೆ ನೀಲಿ ಮಿಂಚು ಇದ್ದರೂ ಹೆಣ್ಣು, ಗಂಡಿಗೆ ಆ ಚುಕ್ಕೆ ಬರೀ ಕಪ್ಪು. ಇದು ಸಾಮಾನ್ಯ ಬ್ಲೂ ರ‍್ಯಾಮ್‌ಗೆ. ಎಲೆಕ್ಟ್ರಿಕ್ ಬ್ಲೂ ತಳಿ ಆದರೆ ಚುಕ್ಕೆಯೇ ಕಾಣಲ್ಲ, ಆಗ ಮೊಟ್ಟೆ ಇಡುವ ಹೊತ್ತಿನಲ್ಲಿ ಹೊಟ್ಟೆಯಡಿ ಇಳಿಯುವ ನಳಿಕೆ ನೋಡಬೇಕು: ದಪ್ಪಗೆ ಮೊಂಡಾಗಿದ್ದರೆ ಹೆಣ್ಣು, ಸಣ್ಣಗೆ ಚೂಪಾಗಿದ್ದರೆ ಗಂಡು.

ಗಂಡು ಹೆಣ್ಣು ಎರಡೂ ಇವೆ ಅಂತಾದರೆ, ಮೊದಲ ಕೆಲವು ಸಲ ಮೊಟ್ಟೆ ತಿನ್ನುವುದು ಮಾಮೂಲು. ಫಾರಂ ಮೀನುಗಳಲ್ಲಿ ಇದು ಇನ್ನೂ ಜಾಸ್ತಿ, ತಲೆಮಾರುಗಟ್ಟಲೆ ಅವುಗಳ ಮೊಟ್ಟೆಯನ್ನು ಎತ್ತಿಟ್ಟು ಬೇರೆಯೇ ಒಡೆಸಿರುತ್ತಾರೆ. ರಾತ್ರಿ ಪೂರ್ತಿ ಕತ್ತಲು ಮಾಡದೆ ಕೋಣೆಯಲ್ಲಿ ಜೀರೋ ಬಲ್ಬ್ ಉರಿಯಲಿ, ಕತ್ತಲಲ್ಲಿ ಗೂಡು ಕಾಯುವುದು ಅವಕ್ಕೂ ಕಷ್ಟ. ಟೆಟ್ರಾ, ಪ್ಲೆಕೊ ಏನಾದರೂ ಜೊತೆಗಿದ್ದರೆ ತೆಗೆಯಿರಿ, ಅರ್ಧ ಕಳ್ಳತನ ಅವುಗಳದ್ದೇ. ನೀರು 28 ಡಿಗ್ರಿ ಇರಲಿ. ಮತ್ತೆ ಮತ್ತೆ ತಿಂದರೆ ಕಲ್ಲನ್ನೇ ಎತ್ತಿ ಅದೇ ನೀರಿರುವ ಚಿಕ್ಕ ಟ್ಯಾಂಕಿಗೆ ಹಾಕಿ, ಪಕ್ಕದಲ್ಲಿ ಗಾಳಿ ಬಿಡಿ.

ಪ್ರಶ್ನೆ: ಮರಿ ಜಾಸ್ತಿಯಾದರೆ ಕೆರೆಗೆ ಬಿಡಬಹುದಾ?
(ಓದುಗರು, ಕೋಲಾರ)

ಉತ್ತರ: ಬೇಡ. ಕೋಲಾರದ ಕೆರೆಯಲ್ಲಿ ಬಲೆ ಹಾಕಿದಾಗೆಲ್ಲ ಸಿಗುವ ಜಿಲೇಬಿ ಮೀನು ಈ ಎಪಿಸ್ಟೊಗಳೂ ಸೇರಿದ ಸಿಕ್ಲಿಡ್ ಎಂಬ ಬಳಗದ್ದೇ. ಆಫ್ರಿಕಾದ ಈ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು, ಈಗ ಅದನ್ನು ಕೆರೆಯಿಂದ ಓಡಿಸುವವರಿಲ್ಲ. ನಿಮ್ಮ ಮರಿಗಳು ಎರಡು ಸೆಂಟಿಮೀಟರ್ ದಾಟಿದ ಮೇಲೆ ಹತ್ತಿರದ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿ, ದುಡ್ಡು ಕೊಡದಿದ್ದರೂ ಬದಲಿಗೆ ಫುಡ್ಡು, ಗಿಡ ಕೊಡುವವರಿದ್ದಾರೆ.