ಪ್ರತಿಕ್ರಿಯೆ: ಉಡುಪಿ ಬಳಿಯ ಕೆಮ್ಮಣ್ಣು ಊರಿನ ಹೊಳೆಬದಿಯಲ್ಲಿ ನೆಟ್ಟ ಕಾಂಡ್ಲಾ ಸಾಯುತ್ತಿರುವುದು

ನೀವು ನೆಟ್ಟ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಸಸಿಗಳು ಸಾಯುತ್ತಿರುವುದೇಕೆ ಎಂದು ಕೇಳಿದ್ದೀರಿ. ಇದು ರೋಗವಲ್ಲ, ಸಸಿಗಳನ್ನು ತೀರ ತಗ್ಗಿನಲ್ಲಿ ನೆಟ್ಟಿರುವುದೇ ಬಹುಮಟ್ಟಿಗೆ ಕಾರಣ. ಎರಡೇ ತಿಂಗಳಲ್ಲಿ ಕಾಂಡಕ್ಕೆ ಬಿಳಿ ಚಿಪ್ಪು ಅಂಟಿ ಸಸಿಗಳು ಬಾಗಿದವೆಂದು ಬರೆದಿದ್ದೀರಿ. ಆ ಚಿಪ್ಪು ಬಾರ್ನಕಲ್, ಅಂದರೆ ಕಲ್ಲು, ದೋಣಿಗಳಿಗೆ ಅಂಟಿ ಬದುಕುವ ಸಣ್ಣ ಕಡಲಜೀವಿ. ಅದು ನೀರಿನಿಂದಲೇ ಆಹಾರ ಸೋಸಿಕೊಳ್ಳುವ ಜೀವಿಯಾದ್ದರಿಂದ, ಅದು ದಟ್ಟವಾಗಿ ಬೆಳೆದಿದೆಯೆಂದರೆ ಸಸಿ ದಿನವೂ ಬಹಳ ಹೊತ್ತು ಮುಳುಗಿರುತ್ತಿತ್ತೆಂದು ಊಹಿಸಬಹುದು.

ಸತ್ತ ಜಾಗದಲ್ಲಿ ಮತ್ತೆ ನೆಡುವುದನ್ನು ಮೊದಲು ನಿಲ್ಲಿಸಿ. ಪೂರ್ಣ ಇಳಿತದ ಹೊತ್ತಿಗೆ ಹೋಗಿ, ಹತ್ತಿರದಲ್ಲಿ ತಾನಾಗಿ ಹುಟ್ಟಿರುವ ಎಳೆಯ ಕಾಂಡ್ಲಾಗಳಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದರ ಬುಡವನ್ನು ಗುರುತಿಸಿ, ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಆ ಮಟ್ಟವನ್ನು ನಿಮ್ಮ ಜಾಗದ ಗೂಟಕ್ಕೆ ಸಾಗಿಸಿ. ನಿಮ್ಮ ಕೆಸರು ಅದಕ್ಕಿಂತ ಒಂದು ಗೇಣು ಕೆಳಗಿದ್ದರೂ ಅಲ್ಲಿ ನೆಡುವುದು ವ್ಯರ್ಥ.

ನಿಮ್ಮ ಜಾಗ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಒಳಭಾಗದಲ್ಲಿದ್ದರೆ ನನ್ನ ಊಹೆ ತಪ್ಪಿರಬಹುದು. ಆಗ ನೀರು ನಿಂತು ಬೇರು ಕೊಳೆತಿದೆಯೇ ಎಂದು ಒಂದು ಸಸಿ ಕಿತ್ತು ನೋಡಿ.

ಸರಿಯಾದ ಮಟ್ಟದಲ್ಲಿ ಸಹಜ ಸಸಿಗಳು ಈಗಾಗಲೇ ಇದ್ದರೆ, ಏನೂ ನೆಡದೆ ಸಿಕ್ಕಿಕೊಂಡ ಹರಕು ಬಲೆ ತೆಗೆದು ದನ ನುಗ್ಗದಂತೆ ನೋಡಿಕೊಳ್ಳುವುದೇ ಉತ್ತಮ (ಫೋಟೊಗೆ ಇದು ಸಪ್ಪೆ, ನಿಜ). ನೆಡಲೇಬೇಕಿದ್ದರೆ ಮಳೆಗಾಲದಲ್ಲಿ ಅದೇ ಅಳಿವೆಯ ಮರಗಳಿಂದ ಉದುರಿದ, ಹುಳ ಕೊರೆಯದ ಉದ್ದ ಕೋಡುಗಳನ್ನು (ಮರದಲ್ಲೇ ಮೊಳೆತ ಬೀಜಗಳನ್ನು) ಆರಿಸಿ, ಚೂಪು ತುದಿ ಕೆಳಗಾಗಿ ಮೂರನೇ ಒಂದು ಭಾಗ ಮಾತ್ರ ಕೆಸರಿಗೆ ಒತ್ತಿ. ಕಾಂಡ್ಲಾವನ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಪರಿಸರ ಸೂಕ್ಷ್ಮ ಪ್ರದೇಶಗಳ 1ಎ ವರ್ಗಕ್ಕೆ ಸೇರಿರುವುದರಿಂದ, ಅದಕ್ಕೂ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಅನುಮತಿ ಕೇಳಿ.